ಬಿಲ್ಡ್ ಸರ್ವರಿನ ಸ್ಥಳಾಂತರ: ಪ್ರವೇಶ ನಿರಾಕರಣೆಯ ಕಾರಣಗಳು ಮತ್ತು ಪರಿಹಾರ

ಇಂದಿನ ಜನಜೀವನದಲ್ಲಿ ಗಣಕಯಂತ್ರವು ಪಡೆದಿರುವ ಸ್ಥಾನ ಸರ್ವವಿದಿತವಾದುದು. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಶಿಕ್ಷಕರ ವೇತನ, ಪರೀಕ್ಷೆಯ ಫಲಿತಾಂಶ ಇವೆಲ್ಲವೂ ಇಂದು ತಂತ್ರಾಂಶದ ಮೂಲಕವೇ ನಡೆಯುತ್ತಿವೆ. ಇಂತಹ ತಂತ್ರಾಂಶಗಳನ್ನು ರಚಿಸುವ ಕಾರ್ಯದಲ್ಲಿ ನಮ್ಮ ನಾಡಿನ ಸಹಸ್ರಾರು ತರುಣ ತರುಣಿಯರು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ನಿರತರಾಗಿದ್ದಾರೆ. ಆದರೆ ಅವರು ದಿನವಿಡೀ ಮಾಡುವ ಕೆಲಸವೇನು, ಅದರಲ್ಲಿ ಒದಗುವ ತೊಡಕುಗಳೆಂಥವು ಎಂಬ ವಿಷಯವು ಅವರ ತಂದೆತಾಯಿಗಳಿಗೂ ಅವರಿಗೆ ಅಕ್ಷರ ಕಲಿಸಿದ ಗುರುಗಳಿಗೂ ಬಹುಮಟ್ಟಿಗೆ ಅಪರಿಚಿತವಾಗಿಯೇ ಉಳಿದಿದೆ. ಅಂತಹ ತೊಡಕುಗಳಲ್ಲಿ ಒಂದನ್ನು ಆರಿಸಿಕೊಂಡು, ಅದರ ಸ್ವರೂಪ, ಕಾರಣ ಮತ್ತು ಪರಿಹಾರಗಳನ್ನು ಸರಳವಾಗಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಇದು ನೇರವಾಗಿಯೂ ಉಪಯುಕ್ತವಾದೀತೆಂದು ಭಾವಿಸುತ್ತೇನೆ.

ತೊಡಕು ಇಷ್ಟೇ. ತಂತ್ರಾಂಶವನ್ನು ಸಿದ್ಧಪಡಿಸುವ ಯಂತ್ರವೊಂದನ್ನು ಹಳೆಯದರಿಂದ ಹೊಸದಕ್ಕೆ ಬದಲಾಯಿಸುತ್ತಾರೆ. ಕಡತಗಳೆಲ್ಲವೂ ಯಥಾವತ್ತಾಗಿ ಹೊಸ ಯಂತ್ರಕ್ಕೆ ಬಂದಿರುತ್ತವೆ. ಆದರೂ ಮರುದಿನ ಬೆಳಿಗ್ಗೆ ಮೂಲಬರಹದ ಭಂಡಾರವು ಆ ಯಂತ್ರಕ್ಕೆ ಪ್ರವೇಶವನ್ನು ನಿರಾಕರಿಸುತ್ತದೆ. ನಿನ್ನೆಯವರೆಗೆ ತೆರೆಯುತ್ತಿದ್ದ ಬಾಗಿಲು ಇಂದು ತೆರೆಯದಿರಲು ಕಾರಣವೇನು?

ಆವೃತ್ತಿ ನಿಯಂತ್ರಣವೆಂದರೇನು?

ದೊಡ್ಡ ತಂತ್ರಾಂಶವೊಂದನ್ನು ನೂರಾರು ಜನರು ಏಕಕಾಲಕ್ಕೆ ಬರೆಯುತ್ತಾರೆ. ಯಾರು, ಯಾವಾಗ, ಯಾವ ಸಾಲನ್ನು, ಏತಕ್ಕಾಗಿ ತಿದ್ದಿದರೆಂಬ ದಾಖಲೆ ಇಲ್ಲದಿದ್ದಲ್ಲಿ ಕೆಲಸವು ಅಸ್ತವ್ಯಸ್ತಗೊಳ್ಳುವುದು ನಿಶ್ಚಿತ. ಈ ದಾಖಲೆಯನ್ನು ಇಡುವ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣವೆಂದು ಹೆಸರು. ಅಮೇರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಚ್‌ಕೈಂಡ್ ಅವರು 1972ರಲ್ಲಿ ರೂಪಿಸಿದ ಎಸ್.ಸಿ.ಸಿ.ಎಸ್. ಎಂಬುದು ಈ ಬಗೆಯ ಆರಂಭದ ಸಾಧನಗಳಲ್ಲಿ ಒಂದು. ಮುಂದೆ ಹಲವು ಸಾಧನಗಳು ಬಂದುಹೋದವು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್‌ನ ಅಭಿವೃದ್ಧಿಗಾಗಿ ರಚಿಸಿದ ಗಿಟ್ ಎಂಬ ಸಾಧನವು ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿದೆ. ಗಿಟ್ ಭಂಡಾರವನ್ನು ಒಂದು ಸಂಸ್ಥೆಯ ಪ್ರಮಾಣಭೂತ ರಿಜಿಸ್ಟರ್ ಎಂದು ತಿಳಿದರೆ ಅದರ ಮಹತ್ವ ಮನದಟ್ಟಾಗುತ್ತದೆ.

ಬರೆದ ಮೂಲಬರಹವು ಹಾಗೆಯೇ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಭಂಡಾರದಿಂದ ತೆಗೆದುಕೊಂಡು, ಯಂತ್ರವು ನಡೆಸಬಲ್ಲ ರೂಪಕ್ಕೆ ಪರಿವರ್ತಿಸಿ, ಪರೀಕ್ಷೆಗೊಳಪಡಿಸಿ, ವಿತರಣೆಗೆ ಸಿದ್ಧಗೊಳಿಸಬೇಕು. ಈ ಕೆಲಸವನ್ನು ಮನುಷ್ಯರ ನೆರವಿಲ್ಲದೆ ಹಗಲಿರುಳು ಮಾಡುವ ಯಂತ್ರವೇ ಬಿಲ್ಡ್ ಸರ್ವರ್. ಕೋಸುಕೆ ಕಾವಾಗುಚಿ ಅವರು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದಾಗ ಹಡ್ಸನ್ ಎಂಬ ಹೆಸರಿನಿಂದ ಆರಂಭಿಸಿದ, 2011ರಲ್ಲಿ ಜೆಂಕಿನ್ಸ್ ಎಂದು ಹೆಸರು ಬದಲಾದ ತಂತ್ರಾಂಶವು ಈ ಕಾರ್ಯಕ್ಕೆ ಬಹಳ ಪ್ರಸಿದ್ಧವಾಗಿದೆ. ಆದುದರಿಂದ ಲಿನಕ್ಸ್ ಯಂತ್ರದ ಮೇಲೆ ನಡೆಯುವ ಜೆಂಕಿನ್ಸ್ ಸರ್ವರನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಪರಸ್ಪರ ಗುರುತಿನ ವ್ಯವಸ್ಥೆ

ಬಿಲ್ಡ್ ಸರ್ವರು ಭಂಡಾರದ ಬಾಗಿಲಿಗೆ ಹೋದಾಗ ಎರಡು ಪ್ರಶ್ನೆಗಳು ಏಳುತ್ತವೆ. "ನೀನು ಯಾರು?" ಎಂದು ಭಂಡಾರವು ಕೇಳುತ್ತದೆ. "ನಾನು ಬಂದಿರುವುದು ನಿಜವಾದ ಭಂಡಾರಕ್ಕೇ ಹೌದೇ?" ಎಂದು ಬಿಲ್ಡ್ ಸರ್ವರೂ ಕೇಳಿಕೊಳ್ಳಬೇಕಾಗುತ್ತದೆ. ಈ ಎರಡಕ್ಕೂ ಉತ್ತರವನ್ನು ಒದಗಿಸುವ ವಿಧಾನಕ್ಕೆ ಎಸ್.ಎಸ್.ಎಚ್. ಎಂದು ಹೆಸರು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವು ನಡೆದುದನ್ನು ಕಂಡು, ಅಲ್ಲಿನ ತಾತು ಯುಲೋನೆನ್ ಅವರು 1995ರಲ್ಲಿ ಇದನ್ನು ರಚಿಸಿದರು.

ಇದರಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಜೋಡಿ ಕೀಲಿಕೈಗಳಿರುತ್ತವೆ. ಒಂದು ಖಾಸಗಿ, ಇನ್ನೊಂದು ಬಹಿರಂಗ. ಬಹಿರಂಗ ಕೀಲಿಕೈಯನ್ನು ಭಂಡಾರದಲ್ಲಿ ನೋಂದಾಯಿಸಲಾಗುತ್ತದೆ. ಖಾಸಗಿ ಕೀಲಿಕೈಯು ತನ್ನ ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಅದರಿಂದ ಹಾಕಿದ ಸಹಿ ಮಾತ್ರ ಹೋಗುತ್ತದೆ. ಬ್ಯಾಂಕಿನಲ್ಲಿ ಒಂದು ಸಂಘದ ಕಾರ್ಯದರ್ಶಿಯ ಮಾದರಿ ಸಹಿ ಇರುವುದಷ್ಟೆ? ಚೆಕ್ಕಿನ ಮೇಲಿನ ಸಹಿಯನ್ನು ಗುಮಾಸ್ತರು ಅದರೊಂದಿಗೆ ತಾಳೆ ನೋಡುತ್ತಾರೆ. ಬಹಿರಂಗ ಕೀಲಿಕೈಯು ಆ ಮಾದರಿ ಸಹಿಯಿದ್ದಂತೆ. ಇದೇ ರೀತಿ ಭಂಡಾರಕ್ಕೂ ತನ್ನದೇ ಆದ ಕೀಲಿಕೈ ಇರುತ್ತದೆ. ಅದರ ಗುರುತನ್ನು ಬಿಲ್ಡ್ ಸರ್ವರು 'ನೋನ್ ಹೋಸ್ಟ್ಸ್', ಅಂದರೆ 'ಪರಿಚಿತ ಯಂತ್ರಗಳು' ಎಂಬ ಕಡತದಲ್ಲಿ ಬರೆದಿಟ್ಟುಕೊಂಡಿರುತ್ತದೆ.

ಸಂಘದ ಕಾರ್ಯದರ್ಶಿ ಬದಲಾದಾಗ ಸಂಘವೂ ಅದೇ, ಖಾತೆಯೂ ಅದೇ, ಚೆಕ್ಕಿನ ಪುಸ್ತಕವೂ ಅದೇ. ಆದರೂ ಹೊಸ ಮಾದರಿ ಸಹಿಯನ್ನು ಕೊಡುವವರೆಗೆ ಚೆಕ್ಕು ತಿರಸ್ಕೃತವಾಗುತ್ತದೆ. ಸ್ಥಳಾಂತರಗೊಂಡ ಸರ್ವರಿನ ಸ್ಥಿತಿಯೂ ಹೀಗೆಯೇ. ಪರಿಚಯವೆಂಬುದು ಕೇವಲ ಕಡತಗಳಲ್ಲಿ ಇರುವುದಿಲ್ಲ. ಯಾವ ಯಂತ್ರ, ಯಾವ ಖಾತೆ, ಯಾವ ವಿಳಾಸ, ಯಾರ ಒಡೆತನ ಎಂಬ ಹಲವು ಸಂಗತಿಗಳಲ್ಲಿ ಅದು ಹರಡಿಕೊಂಡಿರುತ್ತದೆ. ಸ್ಥಳಾಂತರದಲ್ಲಿ ಇವುಗಳಲ್ಲಿ ಒಂದೆರಡು ಹಿಂದೆಯೇ ಉಳಿದುಬಿಡುವುದೇ ಎಲ್ಲ ತೊಡಕಿನ ಮೂಲ.

ನಿರಾಕರಣೆಯ ಮುಖ್ಯ ಕಾರಣಗಳು

ಮೊದಲನೆಯ ಕಾರಣವು ಖಾತೆಯ ವ್ಯತ್ಯಾಸ. ಜೆಂಕಿನ್ಸ್ ತಂತ್ರಾಂಶವು ಸಾಮಾನ್ಯವಾಗಿ ಜೆಂಕಿನ್ಸ್ ಎಂಬ ಹೆಸರಿನ ಪ್ರತ್ಯೇಕ ಖಾತೆಯ ಅಡಿಯಲ್ಲಿ ನಡೆಯುತ್ತದೆ. ಆದರೆ ಸ್ಥಳಾಂತರದ ಕೆಲಸವನ್ನು ಮಾಡುವ ನಿರ್ವಾಹಕರು ತಮ್ಮ ಸ್ವಂತ ಖಾತೆಯಿಂದ ಪ್ರವೇಶಿಸಿ, ಭಂಡಾರವನ್ನು ತೆರೆದು ನೋಡಿ, "ಎಲ್ಲವೂ ಸರಿಯಾಗಿದೆ" ಎಂದು ತೀರ್ಮಾನಿಸುತ್ತಾರೆ. ಅವರ ಕೀಲಿಕೈಗೆ ಬಾಗಿಲು ತೆರೆದುದು ನಿಜವೇ. ಆದರೆ ರಾತ್ರಿ ಕೆಲಸ ಮಾಡುವುದು ಜೆಂಕಿನ್ಸ್ ಖಾತೆ. ಆ ಖಾತೆಯ ಮನೆಯಲ್ಲಿ ಕೀಲಿಕೈಯೇ ಇರುವುದಿಲ್ಲ. ವಿಂಡೋಸ್ ಯಂತ್ರಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಸೇವೆಯು 'ಲೋಕಲ್ ಸಿಸ್ಟಮ್' ಎಂಬ ಖಾತೆಯಲ್ಲಿ ನಡೆಯುತ್ತಿದ್ದರೆ ಅದರ ಮನೆಯು ಸಾಮಾನ್ಯ ಬಳಕೆದಾರರ ಕಡತಕೋಶಗಳ ನಡುವೆ ಇರದೆ ವಿಂಡೋಸ್‌ನ ಒಳಗಿನ ಕೋಶವೊಂದರಲ್ಲಿ ಇರುತ್ತದೆ.

ಎರಡನೆಯದು ರಹಸ್ಯಗಳ ರಹಸ್ಯ. ಜೆಂಕಿನ್ಸ್ ತನ್ನಲ್ಲಿರುವ ಗುಪ್ತಪದ ಮತ್ತು ಕೀಲಿಕೈಗಳನ್ನು ಬಯಲಾಗಿ ಇಡದೆ, ಗೂಢಲಿಪಿಯಲ್ಲಿ ಬರೆದು ಒಂದು ಕಡತದಲ್ಲಿ ಇಟ್ಟಿರುತ್ತದೆ. ಆ ಲಿಪಿಯನ್ನು ಬಿಡಿಸುವ ಮೂಲ ಕೀಲಿಕೈಯು 'ಸೀಕ್ರೆಟ್ಸ್' ಎಂಬ ಬೇರೊಂದು ಕೋಶದಲ್ಲಿರುತ್ತದೆ. ಮೊದಲನೆಯ ಕಡತವನ್ನು ಮಾತ್ರ ತಂದು ಎರಡನೆಯ ಕೋಶವನ್ನು ಬಿಟ್ಟುಬಂದರೆ, ತಿಜೋರಿಯನ್ನು ತಂದು ಅದರ ಕೀಲಿಕೈಯನ್ನು ಹಳೆಯ ಮನೆಯಲ್ಲಿ ಮರೆತಂತಾಗುತ್ತದೆ. ಪರದೆಯ ಮೇಲೆ ಎಲ್ಲ ಹೆಸರುಗಳೂ ಕಾಣಿಸಬಹುದು. ಒಳಗಿನ ಮೌಲ್ಯ ಮಾತ್ರ ಓದಲು ಬಾರದು. ಪರಿಹಾರವೆಂದರೆ ಎರಡನ್ನೂ ಒಟ್ಟಿಗೆ ತರುವುದು, ಇಲ್ಲವೇ ಗುಪ್ತಪದಗಳನ್ನು ಹೊಸದಾಗಿ ದಾಖಲಿಸುವುದು.

ಮೂರನೆಯದು ಒಡೆತನ ಮತ್ತು ಅನುಮತಿ. ಖಾಸಗಿ ಕೀಲಿಕೈಯ ಕಡತವನ್ನು ಅದರ ಒಡೆಯನಲ್ಲದೆ ಬೇರೆಯವರೂ ಓದುವಂತಿದ್ದರೆ ಎಸ್.ಎಸ್.ಎಚ್. ಆ ಕೀಲಿಕೈಯನ್ನು ಬಳಸಲು ಒಪ್ಪುವುದೇ ಇಲ್ಲ. ನಕಲು ಮಾಡುವಾಗ ಈ ಅನುಮತಿಗಳು ಸಡಿಲಗೊಳ್ಳುವುದು ಸಾಮಾನ್ಯ. ಕಡತಕ್ಕೆ 600, ಅದನ್ನಿಟ್ಟ ಕೋಶಕ್ಕೆ 700 ಎಂಬ ಅನುಮತಿ ಸಂಖ್ಯೆಗಳನ್ನು ಕೊಟ್ಟು, ಒಡೆತನವನ್ನು ಜೆಂಕಿನ್ಸ್ ಖಾತೆಗೆ ವಹಿಸಿದರೆ ದೋಷವು ನಿವಾರಣೆಯಾಗುತ್ತದೆ. ಕೀಲಿಕೈಯನ್ನು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಂಟಿಸುವಾಗ ಕೊನೆಯ ಸಾಲಿನ ಅಂತ್ಯಚಿಹ್ನೆ ಬಿಟ್ಟುಹೋಗಿ ಕೀಲಿಕೈಯು ಅಮಾನ್ಯವಾಗುವುದೂ ಉಂಟು. ಒಡೆತನದ ಇನ್ನೊಂದು ತೊಡಕು 2022ರ ಏಪ್ರಿಲ್ ತಿಂಗಳಿನಿಂದ ಕಾಣಿಸಿಕೊಂಡಿತು. ಆಗ ಹೊರಬಂದ ಗಿಟ್‌ನ 2.35.2ನೆಯ ಆವೃತ್ತಿಯು, ಒಬ್ಬರ ಒಡೆತನದ ಭಂಡಾರದಲ್ಲಿ ಇನ್ನೊಬ್ಬರ ಖಾತೆಯಿಂದ ಕೆಲಸ ಮಾಡುವುದನ್ನು ಭದ್ರತೆಯ ದೃಷ್ಟಿಯಿಂದ ತಡೆಯಿತು. ಇದು ಪ್ರವೇಶದ ದೋಷವಲ್ಲದಿದ್ದರೂ ಸ್ಥಳಾಂತರದ ಮರುದಿನವೇ ಕಾಣಿಸಿಕೊಳ್ಳುವುದರಿಂದ ಅದೇ ಎಂದು ಭ್ರಮೆ ಹುಟ್ಟಿಸುತ್ತದೆ.

ನಾಲ್ಕನೆಯದು 'ಪರಿಚಿತ ಯಂತ್ರಗಳ' ಪಟ್ಟಿಯ ಅಭಾವ. ಹೊಸ ಯಂತ್ರದಲ್ಲಿ ಈ ಪಟ್ಟಿಯು ಬರಿದಾಗಿರುತ್ತದೆ. ಮನುಷ್ಯನು ಮೊದಲ ಸಲ ಸಂಪರ್ಕಿಸಿದಾಗ "ಈ ಯಂತ್ರವನ್ನು ನಂಬಬಹುದೇ?" ಎಂಬ ಪ್ರಶ್ನೆ ಪರದೆಯ ಮೇಲೆ ಬರುತ್ತದೆ, ಅವನು ಹೌದು ಎನ್ನುತ್ತಾನೆ. ಬಿಲ್ಡ್ ಸರ್ವರಿನ ಮುಂದೆ ಉತ್ತರ ಕೊಡಲು ಯಾರೂ ಕುಳಿತಿರುವುದಿಲ್ಲ. ಆದುದರಿಂದ ಅದು ನಿಂತುಬಿಡುತ್ತದೆ.

ಐದನೆಯದು ಕಾಲದ ಅಂತರ. ಸ್ಥಳಾಂತರವೆಂದರೆ ಬಹುತೇಕ ಹಳೆಯ ಕಾರ್ಯಾಚರಣ ವ್ಯವಸ್ಥೆಯಿಂದ ಹೊಸದಕ್ಕೆ ಹೋಗುವುದೂ ಹೌದು. 2021ರ ಸೆಪ್ಟೆಂಬರಿನಲ್ಲಿ ಬಂದ ಓಪನ್ ಎಸ್.ಎಸ್.ಎಚ್. 8.8ನೆಯ ಆವೃತ್ತಿಯು, ಎಸ್.ಎಚ್.ಎ.-1 ಎಂಬ ದುರ್ಬಲಗೊಂಡ ಗಣಿತ ವಿಧಾನವನ್ನು ಆಧರಿಸಿದ ಆರ್.ಎಸ್.ಎ. ಸಹಿಗಳನ್ನು ಸ್ವಯಂ ನಿಲ್ಲಿಸಿತು. ಉಬುಂಟು 22.04ರಲ್ಲಿ ಇದರ ನಂತರದ ಆವೃತ್ತಿಯೇ ಇದೆ. ಭಂಡಾರದ ತಂತ್ರಾಂಶವು ಹಳೆಯದಾಗಿದ್ದು ಆ ಹಳೆಯ ಸಹಿಯೊಂದನ್ನೇ ಬಲ್ಲದಾದರೆ, ಕೀಲಿಕೈ ಸರಿಯಾಗಿದ್ದರೂ ಇಬ್ಬರಿಗೂ ತಿಳಿದ ಸಹಿಯ ಭಾಷೆ ಇಲ್ಲವಾಗುತ್ತದೆ. ಭಂಡಾರದ ತಂತ್ರಾಂಶವನ್ನು ನವೀಕರಿಸುವುದೇ ಇದಕ್ಕೆ ಯೋಗ್ಯ ಪರಿಹಾರ. ಭಂಡಾರವು ಒಪ್ಪುವುದಾದರೆ ಇ.ಡಿ. 25519 ಎಂಬ ಹೊಸ ಬಗೆಯ ಕೀಲಿಕೈಯನ್ನು ಮಾಡಿಕೊಳ್ಳಬಹುದು.

ಆರನೆಯದಾಗಿ, ಎಸ್.ಎಸ್.ಎಚ್. ಬದಲು ಎಚ್.ಟಿ.ಟಿ.ಪಿ.ಎಸ್. ಮೂಲಕ ಹೋಗುವವರ ತೊಡಕುಗಳು. ಗಿಟ್‌ಹಬ್ ಸಂಸ್ಥೆಯು 2021ರ ಆಗಸ್ಟ್ 13ರಿಂದ ಗಿಟ್ ಕಾರ್ಯಗಳಿಗೆ ಸಾಮಾನ್ಯ ಗುಪ್ತಪದವನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಟೋಕನ್ ಎಂಬ ಸಂಕೇತವನ್ನು ಕಡ್ಡಾಯಗೊಳಿಸಿತು. ಹಳೆಯ ಗುಪ್ತಪದವನ್ನೇ ನೆನಪಿನಿಂದ ಹೊಸ ಯಂತ್ರಕ್ಕೆ ಬರೆದವರಿಗೆ ಬಾಗಿಲು ತೆರೆಯುವುದಿಲ್ಲ. ಸಂಸ್ಥೆಯ ಒಳಗಿನ ಭಂಡಾರವಾದರೆ, ಸಂಸ್ಥೆಯೇ ನೀಡಿದ ಪ್ರಮಾಣಪತ್ರವನ್ನು ಹೊಸ ಯಂತ್ರದ ವಿಶ್ವಾಸಾರ್ಹ ಪತ್ರಗಳ ಪಟ್ಟಿಗೆ ಸೇರಿಸಬೇಕಾಗುತ್ತದೆ. ಜಾವಾ ಭಾಷೆಯಲ್ಲಿ ರಚಿತವಾದ ಜೆಂಕಿನ್ಸ್‌ಗೆ ಇಂತಹ ಪಟ್ಟಿ ಬೇರೆಯಾಗಿರುತ್ತದೆ. ಲಿನಕ್ಸ್‌ನ ಪಟ್ಟಿಗೆ ಮಾತ್ರ ಸೇರಿಸಿದರೆ ಅರ್ಧ ಕೆಲಸವಾದಂತೆ. ಇವುಗಳ ಜೊತೆಗೆ, ಹೊಸ ಯಂತ್ರದ ಜಾಲವಿಳಾಸವು ಭಂಡಾರದ ಕಾವಲುಗೋಡೆಯ ಅನುಮತಿ ಪಟ್ಟಿಯಲ್ಲಿ ಇಲ್ಲದಿರುವುದೂ, ಯಂತ್ರದ ಗಡಿಯಾರವು ತಪ್ಪಾಗಿದ್ದು ಪ್ರಮಾಣಪತ್ರಗಳು ಅವಧಿ ಮೀರಿದಂತೆ ತೋರುವುದೂ ಉಂಟು.

ಕಾರಣವನ್ನು ಕಂಡುಹಿಡಿಯುವ ಕ್ರಮ

ಕಾರಣಗಳು ಇಷ್ಟೊಂದಿರುವಾಗ ಮನಬಂದಂತೆ ಒಂದೊಂದನ್ನು ಬದಲಾಯಿಸುತ್ತ ಹೋದರೆ ಮೂಲ ದೋಷವು ಮರೆಯಾಗಿ ಹೊಸ ದೋಷಗಳು ಹುಟ್ಟುತ್ತವೆ. ಒಳ್ಳೆಯ ವೈದ್ಯನು ಔಷಧಿಗಿಂತ ಮೊದಲು ನಾಡಿ ಹಿಡಿದು ನೋಡುತ್ತಾನೆ. ಇಲ್ಲಿಯೂ ಅದೇ ಕ್ರಮ.

ಮೊತ್ತಮೊದಲು, ಪರೀಕ್ಷೆಯನ್ನು ಜೆಂಕಿನ್ಸ್ ಖಾತೆಯಿಂದಲೇ ಮಾಡಬೇಕು. ನಿರ್ವಾಹಕರ ಖಾತೆಯಿಂದ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಲಿನಕ್ಸ್‌ನಲ್ಲಿ 'ಸುಡೋ' ಎಂಬ ಆದೇಶದಿಂದ ಆ ಖಾತೆಯ ವೇಷವನ್ನು ತಾಳಿ, ಎಸ್.ಎಸ್.ಎಚ್. ಮೂಲಕ ಭಂಡಾರವನ್ನು ಕರೆದು ನೋಡಬೇಕು. ಎಸ್.ಎಸ್.ಎಚ್. ಆದೇಶಕ್ಕೆ 'ವಿ' ಎಂಬ ಸೂಚಕವನ್ನು ಸೇರಿಸಿದರೆ, ಯಾವ ಕೀಲಿಕೈಯನ್ನು ಯಾವ ಸ್ಥಳದಿಂದ ತೆಗೆದು ತೋರಿಸಲಾಯಿತು ಎಂಬ ಸಂಪೂರ್ಣ ವರದಿ ಪರದೆಯ ಮೇಲೆ ಮೂಡುತ್ತದೆ.

ಎರಡನೆಯದಾಗಿ, ಬಂದ ಉತ್ತರವನ್ನು ಅಕ್ಷರಶಃ ಓದಬೇಕು. ಉತ್ತರಗಳು ಮುಖ್ಯವಾಗಿ ನಾಲ್ಕು ಬಗೆ. 'ಕನೆಕ್ಷನ್ ಟೈಮ್ಡ್ ಔಟ್' ಎಂದರೆ ಬಾಗಿಲಿನವರೆಗೆ ತಲುಪಿಯೇ ಇಲ್ಲ; ಕಾವಲುಗೋಡೆಯನ್ನೂ ಜಾಲವಿಳಾಸವನ್ನೂ ಪರಿಶೀಲಿಸಬೇಕು. 'ಹೋಸ್ಟ್ ಕೀ ವೆರಿಫಿಕೇಶನ್ ಫೇಲ್ಡ್' ಎಂದರೆ ಭಂಡಾರದ ಗುರುತು ನಮಗೆ ಸಿಕ್ಕಿಲ್ಲ. ಪರಿಚಿತ ಯಂತ್ರಗಳ ಪಟ್ಟಿಯನ್ನು ನೋಡಬೇಕು. 'ಪರ್ಮಿಶನ್ ಡಿನೈಡ್' ಎಂದರೆ ಭಂಡಾರಕ್ಕೆ ನಮ್ಮ ಗುರುತು ಸಿಕ್ಕಿಲ್ಲ. ಕೀಲಿಕೈ, ಖಾತೆ, ಅನುಮತಿಗಳನ್ನು ನೋಡಬೇಕು. 'ರಿಪಾಸಿಟರಿ ನಾಟ್ ಫೌಂಡ್' ಎಂದರೆ ಗುರುತು ಸಿಕ್ಕಿರಬಹುದು, ಹಕ್ಕು ಇಲ್ಲ. ಹಕ್ಕಿಲ್ಲದವರಿಗೆ ಖಾಸಗಿ ಭಂಡಾರವೊಂದು ಇದೆಯೆಂಬುದನ್ನೂ ಗಿಟ್‌ಹಬ್ ತಿಳಿಸುವುದಿಲ್ಲ. ಅಲ್ಲಿ ಒಂದು ಭಂಡಾರಕ್ಕೆ 'ಡಿಪ್ಲಾಯ್ ಕೀ' ಎಂದು ಕೊಟ್ಟ ಕೀಲಿಕೈಯು ಮತ್ತೊಂದು ಭಂಡಾರಕ್ಕೆ ನಡೆಯುವುದಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಮೂರನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಬರೆದಿಟ್ಟು, ಮತ್ತೆ ಪರೀಕ್ಷಿಸಬೇಕು. ಎಸ್.ಎಸ್.ಎಚ್. ಮಟ್ಟದಲ್ಲಿ ಗೆದ್ದ ಮೇಲೆ ಗಿಟ್ ಮಟ್ಟದಲ್ಲಿ, ಅಲ್ಲಿಯೂ ಗೆದ್ದ ಮೇಲೆ ಜೆಂಕಿನ್ಸ್ ಮಟ್ಟದಲ್ಲಿ ಪರೀಕ್ಷಿಸುತ್ತ ಹೋದರೆ ಸರಪಳಿಯ ಯಾವ ಕೊಂಡಿ ಕಳಚಿದೆಯೆಂಬುದು ತಾನಾಗಿಯೇ ಗೋಚರಿಸುತ್ತದೆ.

ಅಡ್ಡದಾರಿಯ ಅಪಾಯ

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ಕೆಲಸ ನಿಂತಾಗ ಮೇಲಿನವರ ಒತ್ತಡ ಹೆಚ್ಚುತ್ತದೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ತಂತ್ರಾಂಶದಲ್ಲಿ ಗಂಭೀರವಾದ ಬಿರುಕು ಬೆಳಕಿಗೆ ಬಂದಾಗ, ಜಗತ್ತಿನಾದ್ಯಂತ ಅಸಂಖ್ಯಾತ ಸಂಸ್ಥೆಗಳು ತಮ್ಮ ತಂತ್ರಾಂಶಗಳನ್ನು ತಿದ್ದಿ ತುರ್ತಾಗಿ ಮರುಸಿದ್ಧಪಡಿಸಬೇಕಾಯಿತು. ಅಂತಹ ವಾರದಲ್ಲಿ ಬಿಲ್ಡ್ ಸರ್ವರು ನಿಂತರೆ ಆಗುವ ಹಾನಿಯನ್ನು ಊಹಿಸಬಹುದು. ಇಂತಹ ಒತ್ತಡದಲ್ಲಿಯೇ ಅಡ್ಡದಾರಿಗಳು ಆಕರ್ಷಕವಾಗಿ ತೋರುತ್ತವೆ. ಭಂಡಾರದ ಗುರುತನ್ನು ಪರೀಕ್ಷಿಸುವುದನ್ನೇ ನಿಲ್ಲಿಸುವುದು, ಪ್ರಮಾಣಪತ್ರದ ತಪಾಸಣೆಯನ್ನು ಆರಿಸುವುದು, ಎಲ್ಲ ಕಡತಗಳಿಗೂ ಎಲ್ಲರಿಗೂ ಅನುಮತಿ ನೀಡುವುದು, ನಿರ್ವಾಹಕರ ಸ್ವಂತ ಕೀಲಿಕೈಯನ್ನೇ ಯಂತ್ರಕ್ಕೆ ಒಪ್ಪಿಸುವುದು, ಇವು ಅವುಗಳಲ್ಲಿ ಮುಖ್ಯವಾದವು. ಹೀಗೆ ಮಾಡಿದಾಗ ಕೆಂಪು ದೀಪವು ಹಸಿರಾಗುವುದು ನಿಜ. ಆದರೆ ಬಾಗಿಲು ತೆರೆಯಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟರೆ ಕಳ್ಳನಿಗೂ ದಾರಿ ಸುಗಮವಾಗುತ್ತದೆ.

2023ರ ಮಾರ್ಚ್ 24ರಂದು ನಡೆದ ಘಟನೆ ಇದಕ್ಕೆ ಉತ್ತಮ ನಿದರ್ಶನ. ಗಿಟ್‌ಹಬ್ ಸಂಸ್ಥೆಯ ಆರ್.ಎಸ್.ಎ. ಖಾಸಗಿ ಕೀಲಿಕೈಯು ಸಾರ್ವಜನಿಕ ಭಂಡಾರವೊಂದರಲ್ಲಿ ಅಲ್ಪಕಾಲ ಬಯಲಾಗಿತ್ತು. ಸಂಸ್ಥೆಯು ಅದನ್ನು ಅಂದು ಬದಲಾಯಿಸಿತು. ಕೂಡಲೇ ಆ ಕೀಲಿಕೈಯ ಗುರುತನ್ನು ನಂಬಿದ್ದ ಬಿಲ್ಡ್ ಸರ್ವರುಗಳು ಭಂಡಾರದ ಗುರುತು ಬದಲಾಗಿದೆಯೆಂದು ಎಚ್ಚರಿಸಿ ನಿಂತವು. ಅವು ನಿಂತುದು ಸರಿಯಾಗಿಯೇ ಇತ್ತು; ಕಾವಲುಗಾರನ ಕರ್ತವ್ಯವೇ ಅದು. ಯೋಗ್ಯ ಪರಿಹಾರವೆಂದರೆ ಸಂಸ್ಥೆಯು ತನ್ನ ಪುಟದಲ್ಲಿ ಪ್ರಕಟಿಸಿದ ಹೊಸ ಗುರುತನ್ನು ಬೇರೆ ಮಾರ್ಗದಿಂದ ಪಡೆದು, ತಾಳೆ ನೋಡಿ, ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುವುದು. ತಪಾಸಣೆಯನ್ನೇ ನಿಲ್ಲಿಸಿಟ್ಟ ಯಂತ್ರಗಳು ಅಂದು ನಿಲ್ಲಲಿಲ್ಲ. ಆ ಬಯಲಾದ ಕೀಲಿಕೈಯಿಂದ ಯಾರಾದರೂ ಭಂಡಾರದ ವೇಷ ಹಾಕಿ ಬಂದಿದ್ದರೂ ಅವು ನಿಲ್ಲುತ್ತಿರಲಿಲ್ಲ.

ಬಿಲ್ಡ್ ಸರ್ವರು ಶತ್ರುಗಳಿಗೆ ಎಷ್ಟು ಪ್ರಿಯವೆಂಬುದು 2020ರ ಡಿಸೆಂಬರಿನಲ್ಲಿ ಜಗತ್ತಿಗೆ ತಿಳಿಯಿತು. ಸೋಲಾರ್‌ವಿಂಡ್ಸ್ ಸಂಸ್ಥೆಯ ಓರಿಯನ್ ತಂತ್ರಾಂಶವು ಸಿದ್ಧವಾಗುವ ಹಂತದಲ್ಲಿಯೇ ಅದರೊಳಗೆ ವಿಷ ಬೆರೆಸಲಾಗಿತ್ತು. ಸುಮಾರು 18,000 ಗ್ರಾಹಕರಿಗೆ ಆ ತಂತ್ರಾಂಶವು ಸಂಸ್ಥೆಯ ಅಧಿಕೃತ ಮುದ್ರೆಯೊಂದಿಗೇ ತಲುಪಿತ್ತು. 2023ರ ಜನವರಿ 4ರಂದು ಸರ್ಕಲ್ ಸಿಐ ಎಂಬ ಬಿಲ್ಡ್ ಸೇವಾ ಸಂಸ್ಥೆಯು, ತನ್ನಲ್ಲಿ ಇಟ್ಟಿದ್ದ ಎಲ್ಲ ರಹಸ್ಯಗಳನ್ನೂ ಬದಲಾಯಿಸಿಕೊಳ್ಳುವಂತೆ ತನ್ನ ಗ್ರಾಹಕರಿಗೆ ಸೂಚಿಸಬೇಕಾಯಿತು. ಊಟದ ಮನೆಯ ಪ್ರತಿ ಎಲೆಗೂ ಕಾವಲಿಡುವುದಕ್ಕಿಂತ ಅಡಿಗೆಯ ಮನೆಗೆ ಕಾವಲಿಡುವುದು ಮುಖ್ಯವೆಂಬುದು ಅನುಭವಿಗಳಿಗೆ ತಿಳಿದ ಮಾತು.

ಸ್ಥಳಾಂತರಕ್ಕೆ ಮುನ್ನ ಮತ್ತು ನಂತರ

ಮುಂಜಾಗರೂಕತೆಯಿಂದ ಈ ತೊಡಕಿನ ಬಹುಭಾಗವನ್ನು ತಪ್ಪಿಸಬಹುದು. ಸ್ಥಳಾಂತರಕ್ಕೆ ಮುನ್ನ ಹಳೆಯ ಯಂತ್ರವು ಯಾವ ಖಾತೆಯಲ್ಲಿ ನಡೆಯುತ್ತಿದೆ, ಎಷ್ಟು ಕೀಲಿಕೈಗಳನ್ನು ಬಳಸುತ್ತಿದೆ, ಯಾವ ಯಾವ ಭಂಡಾರಗಳಿಗೆ ಹೋಗುತ್ತಿದೆ, ಅದರ ವಿಳಾಸವು ಎಲ್ಲೆಲ್ಲಿ ನೋಂದಣಿಯಾಗಿದೆ ಎಂಬುದರ ಪಟ್ಟಿಯನ್ನು ಮಾಡಿಕೊಳ್ಳಬೇಕು. ಸಾಧ್ಯವಿದ್ದಲ್ಲಿ ಹಳೆಯ ಕೀಲಿಕೈಯನ್ನು ಸಾಗಿಸುವುದಕ್ಕಿಂತ ಹೊಸ ಯಂತ್ರಕ್ಕೆ ಹೊಸ ಕೀಲಿಕೈಯನ್ನೇ ಸೃಷ್ಟಿಸಿ, ಅದಕ್ಕೆ ಓದುವ ಹಕ್ಕು ಸಾಕಾದಲ್ಲಿ ಓದುವ ಹಕ್ಕನ್ನಷ್ಟೇ ನೀಡುವುದು ಶ್ರೇಯಸ್ಕರ. ಕೆಲವು ದಿನ ಎರಡೂ ಯಂತ್ರಗಳನ್ನು ಜೊತೆಯಾಗಿ ನಡೆಸಿ ಫಲಿತಾಂಶಗಳನ್ನು ಹೋಲಿಸಬಹುದು.

ಹೊಸ ಯಂತ್ರವು ಸುಸೂತ್ರವಾಗಿ ನಡೆಯತೊಡಗಿದ ಮೇಲೆ ಹೆಚ್ಚಿನವರು ಮರೆಯುವ ಒಂದು ಕೆಲಸ ಉಳಿದಿರುತ್ತದೆ. ಹಳೆಯ ಯಂತ್ರದ ಕೀಲಿಕೈಯು ಭಂಡಾರದಲ್ಲಿ ಇನ್ನೂ ನೋಂದಣಿಯಾಗಿಯೇ ಇರುತ್ತದೆ. ಆ ಯಂತ್ರವು ಮೂಲೆ ಸೇರಿ, ಮುಂದೊಂದು ದಿನ ಹರಾಜಿನಲ್ಲಿ ಮಾರಾಟವಾದರೆ, ಅದರ ಜೊತೆಗೆ ಕೀಲಿಕೈಯೂ ಪರರ ಪಾಲಾಗುತ್ತದೆ. ಹಳೆಯ ಕೀಲಿಕೈಗಳನ್ನೂ ಟೋಕನ್‌ಗಳನ್ನೂ ರದ್ದುಪಡಿಸಿ, ಡಿಸ್ಕನ್ನು ಅಳಿಸಿದ ಮೇಲೆಯೇ ಸ್ಥಳಾಂತರವು ಮುಗಿಯಿತೆಂದು ತಿಳಿಯಬೇಕು. ನಿವೃತ್ತರಾದ ಕಾರ್ಯದರ್ಶಿಗಳ ಸಹಿಯನ್ನು ಬ್ಯಾಂಕಿನ ಪುಸ್ತಕದಿಂದ ತೆಗೆಸದಿದ್ದರೆ ಸಂಘದ ಹಣ ಸುರಕ್ಷಿತವಲ್ಲ.

ಉಪಸಂಹಾರ

ಈ ವಿಷಯವು ಮೇಲ್ನೋಟಕ್ಕೆ ಕೇವಲ ತಾಂತ್ರಿಕವಾದುದೆಂದು ತೋರಿದರೂ, ಇದಕ್ಕೆ ಬೇಕಾದ ಗುಣಗಳು ನಮ್ಮ ತರಗತಿಗಳಲ್ಲಿಯೇ ಬೆಳೆಯತಕ್ಕಂಥವು. ಪ್ರಶ್ನೆಯನ್ನು ಪೂರ್ಣವಾಗಿ ಓದುವುದು, ಊಹೆಯನ್ನೂ ಪರೀಕ್ಷೆಯಿಂದ ತಿಳಿದುದನ್ನೂ ಬೇರ್ಪಡಿಸುವುದು, ಹಂತ ಹಂತವಾಗಿ ಲೆಕ್ಕ ಬಿಡಿಸುವುದು, ಮಾಡಿದ್ದನ್ನು ಬರೆದಿಡುವುದು, ಉತ್ತರವು ಬೇಗ ಬರಲೆಂದು ಕ್ರಮವನ್ನು ಬಿಡದಿರುವುದು, ಇವನ್ನು ಗಣಿತದ ಗುರುಗಳೂ ವಿಜ್ಞಾನದ ಗುರುಗಳೂ ನಿತ್ಯ ಕಲಿಸುತ್ತಿದ್ದಾರೆ. ಗಣಕಯಂತ್ರಗಳ ಹೆಸರುಗಳೂ ಆವೃತ್ತಿಗಳೂ ಹತ್ತು ವರ್ಷಗಳಲ್ಲಿ ಬದಲಾಗುತ್ತವೆ. ಈ ಅಭ್ಯಾಸಗಳಿಗೆ ಅಂತಹ ಬದಲಾವಣೆ ಇಲ್ಲ. ಶಾಲೆಯ ಗಣಕ ಕೊಠಡಿಗೆ ಯಂತ್ರಗಳನ್ನು ಒದಗಿಸುವ ದಾನಿಗಳು ಒಂದು ಮಾತನ್ನು ಗಮನಿಸಬೇಕೆಂದು ವಿನಂತಿಸುತ್ತೇನೆ. ಯಂತ್ರದ ಜೊತೆಗೆ ಅದರ ಗುಪ್ತಪದಗಳನ್ನು ಜವಾಬ್ದಾರಿಯಿಂದ ಇಡುವ ಒಂದು ರಿಜಿಸ್ಟರನ್ನೂ, ಅದನ್ನು ನೋಡಿಕೊಳ್ಳುವ ಒಬ್ಬ ಶಿಕ್ಷಕರನ್ನೂ ನಿಯಮಿಸುವಂತೆ ಅವರು ಸೂಚಿಸಿದರೆ, ಮುಂದೆ ದೊಡ್ಡ ಸರ್ವರುಗಳ ಹೊಣೆ ಹೊರಲಿರುವ ವಿದ್ಯಾರ್ಥಿಗಳಿಗೆ ಆ ಪುಟ್ಟ ರಿಜಿಸ್ಟರೇ ಮೊದಲ ಪಾಠವಾಗುತ್ತದೆ.